ಜ್ವರಕ್ಕೊಂದು ಬಟ್ಟಲು, ಬೇಸರಕ್ಕೊಂದು ಬಟ್ಟಲು: ಯಾವಾಗ ಯಾವುದನ್ನು ಆರಿಸಬೇಕು?

ಹುಷಾರಿಲ್ಲದಾಗ ಏನು ತಿನ್ನೋದು ಅಂತ ಕೇಳಿದರೆ ಎಲ್ಲರ ಹತ್ತಿರವೂ ಒಂದು ಉತ್ತರ ಇರುತ್ತದೆ. ಒಬ್ಬರು ಗಂಜಿ ಅನ್ನುತ್ತಾರೆ, ಇನ್ನೊಬ್ಬರು ಸೂಪ್ ಅನ್ನುತ್ತಾರೆ. ಬಿಸಿ ಹಾಲು, ಟೋಸ್ಟ್, ಐಸ್‌ಕ್ರೀಮ್, ಚಾಕೊಲೇಟ್, ಹೀಗೆ ಹೆಸರುಗಳು ಬರುತ್ತಲೇ ಇರುತ್ತವೆ. ಇವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ. ಆದರೆ ಹೊಟ್ಟೆ ತೊಳಸುತ್ತಿರುವವರಿಗೆ, ಮೂಗು ಕಟ್ಟಿ ಬಾಯಿರುಚಿ ಹೋದವರಿಗೆ, ಕಾಯಿಲೆ ಏನೂ ಇಲ್ಲದೆ ಮನಸ್ಸು ಮುದುಡಿ ಕೂತವರಿಗೆ ಒಂದೇ ಬಟ್ಟಲು ಹೊಂದುವುದಿಲ್ಲ.

ಹಾಗಾಗಿ ಎಲ್ಲಕ್ಕಿಂತ ಒಳ್ಳೆಯದು ಯಾವುದು ಅಂತ ನಾನಿಲ್ಲಿ ಹುಡುಕುವುದಿಲ್ಲ. ಈ ಹೊತ್ತಿಗೆ ಮೈಗೆ ಕಮ್ಮಿ ಬಿದ್ದಿರೋದು ಏನು, ಅದು ಯಾವುದನ್ನು ತಡೆದುಕೊಳ್ಳುತ್ತದೆ, ಮಾಡಿಕೊಳ್ಳೋಕೆ ನಿಮ್ಮಲ್ಲಿ ಎಷ್ಟು ಶಕ್ತಿ ಉಳಿದಿದೆ, ಈ ಮೂರನ್ನು ನೋಡಿ ಆರಿಸಬೇಕು. ಮೂರನೆಯದನ್ನು ಬಹಳ ಜನ ಮರೆತೇಬಿಡುತ್ತಾರೆ. ಮನಸ್ಸು ಕುಗ್ಗಿದ ದಿನ ಅದೇ ಎಲ್ಲಕ್ಕಿಂತ ಮುಖ್ಯ.

ಹೊಟ್ಟೆ ಕೆಟ್ಟಿದ್ದರೆ

ವಾಂತಿ, ಭೇದಿ ಇರುವಾಗ ಮೊದಲ ಆಯ್ಕೆ ಕುಡಿಯೋದರಲ್ಲಿ. ಊಟದ ಮಾತು ಆಮೇಲೆ. ಬರೀ ನೀರು, ಹಣ್ಣಿನ ಜ್ಯೂಸ್, ಸೋಡಾ ಪಾನೀಯ, ಓಆರ್‌ಎಸ್ (ಸಕ್ಕರೆ, ಉಪ್ಪುಗಳನ್ನು ಅಳತೆಯಲ್ಲಿ ಬೆರೆಸಿದ ನೀರು) ನಿಮ್ಮ ಮುಂದಿವೆ ಅಂದುಕೊಳ್ಳಿ. ನನ್ನ ಓಟು ಯಾವಾಗಲೂ ಓಆರ್‌ಎಸ್‌ಗೆ.

ಕಾರಣ ಸರಳವಾಗಿದೆ. ಸಣ್ಣ ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಜೊತೆಯಾಗಿ ಒಳಗೆ ಹೋಗುತ್ತವೆ. ಅವುಗಳ ಹಿಂದೆ ನೀರು ಹೋಗುತ್ತದೆ. ಭೇದಿ ಜೋರಾಗಿದ್ದಾಗಲೂ ಈ ದಾರಿ ತೆರೆದೇ ಇರುತ್ತದೆ. ರಾಬರ್ಟ್ ಕ್ರೇನ್ ಅನ್ನುವ ವಿಜ್ಞಾನಿ 1960ರಲ್ಲಿ ಇದನ್ನು ವಿವರಿಸಿದರು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ಡ್ರಿಪ್ ಸಾಲದಾಯಿತು. ಆಗ ಡಾ. ದಿಲೀಪ್ ಮಹಾಲನಬಿಸ್ ಮತ್ತು ಅವರ ತಂಡ ಸಕ್ಕರೆ, ಉಪ್ಪು ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿ ಲೆಕ್ಕವಿಲ್ಲದಷ್ಟು ಜೀವ ಉಳಿಸಿದರು. ಈಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್ ಇರುತ್ತವೆ. ಪ್ಯಾಕೆಟ್ ಸಿಕ್ಕರೆ ಅದೇ ವಾಸಿ. ಅದರ ಮೇಲೆ ಬರೆದಷ್ಟೇ ನೀರು ಹಾಕಿ, ಪೂರ್ತಿ ಪ್ಯಾಕೆಟ್ ಒಮ್ಮೆಗೇ ಕಲಸಿ. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾಗಿ ಅಳೆದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿ ಆಗಲೇಬಾರದು. ಚಿಕ್ಕ ಮಕ್ಕಳಿಗಾದರೆ ಅಂದಾಜಿನ ಮೇಲೆ ಮಾಡೋದು ಬೇಡ, ಪ್ಯಾಕೆಟ್ಟನ್ನೇ ತನ್ನಿ.

ಜ್ಯೂಸ್ ಮತ್ತು ಸೋಡಾ ಯಾಕೆ ಬೇಡ? ಅವುಗಳಲ್ಲಿ ಸಕ್ಕರೆ ವಿಪರೀತ, ಉಪ್ಪು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಜಾಸ್ತಿ ಸಕ್ಕರೆ ಕರುಳಿನೊಳಕ್ಕೆ ನೀರನ್ನು ಎಳೆಯುತ್ತದೆ, ಭೇದಿ ಇನ್ನೂ ಹೆಚ್ಚುತ್ತದೆ. ಬರೀ ನೀರು ತಪ್ಪಲ್ಲ. ಆರೋಗ್ಯವಾಗಿದ್ದ ದೊಡ್ಡವರಿಗೆ ಸ್ವಲ್ಪ ಹೊಟ್ಟೆ ಕೆಟ್ಟಿದ್ದರೆ ನೀರು, ಜೊತೆಗೆ ಉಪ್ಪಿರುವ ತೆಳು ಗಂಜಿಯೋ ಸೂಪೋ ಸಾಕಾಗುತ್ತದೆ.

ಕುಡಿಯುವ ರೀತಿಯೂ ಅಷ್ಟೇ ಮುಖ್ಯ. ಬಾಯಾರಿಕೆ ಅಂತ ಒಂದು ಲೋಟ ಗಟಗಟ ಕುಡಿದರೆ ಹೊಟ್ಟೆ ಹಿಗ್ಗುತ್ತದೆ, ಅಷ್ಟೂ ವಾಪಸ್ ಬರುತ್ತದೆ. ವಾಂತಿ ಆದಮೇಲೆ ಹತ್ತು ನಿಮಿಷ ಸುಮ್ನೆ ಬಿಡಿ. ಆಮೇಲೆ ಒಂದು ಚಮಚ ಕೊಡಿ. ಅದು ಒಳಗೆ ನಿಂತಿತಾ ನೋಡಿ ಇನ್ನೊಂದು ಚಮಚ. ನಿಮಿಷಕ್ಕೆ 5 ಮಿಲಿಲೀಟರ್ ಹೋದರೂ ಗಂಟೆಗೆ 300 ಮಿಲಿಲೀಟರ್ ಆಗುತ್ತದೆ. ಪಕ್ಕದಲ್ಲಿ ಕೂತು ಹೀಗೆ ಒಂದು ಗಂಟೆ ಕುಡಿಸೋಕೆ ತಾಳ್ಮೆ ಬೇಕು. ಹುಷಾರಿಲ್ಲದವರಿಗೆ ನೀವು ಮಾಡಬಹುದಾದ ಅತಿ ದೊಡ್ಡ ಉಪಕಾರಗಳಲ್ಲಿ ಇದೂ ಒಂದು ಅಂತ ನಾನು ನಂಬಿದ್ದೇನೆ.

ಈಗ ತಿನ್ನೋ ವಿಷಯ. ಬಾಳೆಹಣ್ಣು, ಅನ್ನ, ಬೇಯಿಸಿದ ಸೇಬು, ಟೋಸ್ಟ್, ಇವು ನಾಲ್ಕೇ ಸಾಕು ಅನ್ನೋ ಸಲಹೆ ಬಹಳ ಕಾಲ ಚಾಲ್ತಿಯಲ್ಲಿತ್ತು. ಮೊದಲ ಒಂದು ದಿನಕ್ಕೆ ಪರವಾಗಿಲ್ಲ. ಅದನ್ನೇ ಹಿಡಿದು ದಿನಗಟ್ಟಲೆ ಕೂರಬೇಡಿ. ಇವುಗಳಲ್ಲಿ ಪ್ರೋಟೀನೂ ಕಮ್ಮಿ, ಕೊಬ್ಬೂ ಕಮ್ಮಿ. ಹಸಿವು ಮರಳಿದ ಕೂಡಲೇ ಮಾಮೂಲಿ ಊಟಕ್ಕೆ ಬನ್ನಿ ಅಂತಲೇ ಈಗ ಮಕ್ಕಳ ವೈದ್ಯರೂ ಹೇಳುತ್ತಾರೆ.

ಗಂಜಿಯಾ, ಟೋಸ್ಟಾ? ವಾಂತಿ ನಿಂತು ಸುಸ್ತು ಉಳಿದಿದ್ದರೆ ಗಂಜಿ. ಅದರಲ್ಲಿ ನೀರು, ಉಪ್ಪು, ಪಿಷ್ಟ ಮೂರೂ ಒಟ್ಟಿಗೆ ಸಿಗುತ್ತವೆ. ವಾಕರಿಕೆ ಇನ್ನೂ ಇದ್ದರೆ ಟೋಸ್ಟ್ ಅಥವಾ ಖಾರ, ಎಣ್ಣೆ ಇಲ್ಲದ ಬಿಸ್ಕತ್ತು. ಒಣಗಿದ್ದು, ತಣ್ಣಗಿರುವುದು, ವಾಸನೆ ಇಲ್ಲದ್ದು ಆಗ ಹೊಟ್ಟೆಗೆ ಸುಲಭ. ಬಿಸಿ ಅಡುಗೆಯ ಆವಿಯೇ ಕೆಲವರಿಗೆ ವಾಕರಿಕೆ ತರಿಸುತ್ತದೆ. ಅಡುಗೆ ಮಾಡುವವರು ಬೇರೆ, ತಿನ್ನುವವರು ಬೇರೆ ಆಗಿದ್ದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಶುಂಠಿಯೂ ವಾಕರಿಕೆಗೆ ಒಳ್ಳೆಯ ಜೊತೆ. ಗರ್ಭಿಣಿಯರ ವಾಕರಿಕೆಗೆ ಅದು ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ ಅನ್ನೋದಕ್ಕೆ ಅಧ್ಯಯನಗಳ ಬೆಂಬಲವೂ ಇದೆ. ಕರಿದಿದ್ದು ಮಾತ್ರ ಬೇಡ. ಕೊಬ್ಬು ಹೊಟ್ಟೆಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತದೆ.

ಹಾಲಾ, ಮೊಸರಾ ಅಂದರೆ ಮೊಸರು. ಹೊಟ್ಟೆ ಕೆಟ್ಟ ಮೇಲೆ ಕೆಲವು ದಿನ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಕರುಳಿಗೆ ಕಮ್ಮಿಯಾಗಿರಬಹುದು. ಮೊಸರಿನಲ್ಲಿ ಆ ಸಕ್ಕರೆಯ ಒಂದು ಭಾಗವನ್ನು ಬ್ಯಾಕ್ಟೀರಿಯಾಗಳೇ ಮೊದಲೇ ಒಡೆದಿರುತ್ತವೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ನೆನಪಿಡಿ. ವಾಕರಿಕೆ ಇರುವಾಗ ನಿಮ್ಮ ಅತ್ಯಂತ ಇಷ್ಟದ ತಿನಿಸನ್ನು ಮುಟ್ಟಬೇಡಿ. ಜಾನ್ ಗಾರ್ಸಿಯಾ ಮತ್ತು ಜೊತೆಗಾರರು 1955ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಒಂದು ಸಂಗತಿ ಕಂಡಿತು. ಇಲಿಗಳು ಸಿಹಿ ನೀರು ಕುಡಿಯುವ ಹೊತ್ತಿಗೆ ವಿಕಿರಣದಿಂದ ಅವಕ್ಕೆ ಹೊಟ್ಟೆ ಕೆಡುವಂತೆ ಮಾಡಿದ್ದರು. ಆಮೇಲೆ ಅವು ಆ ಸಿಹಿ ನೀರಿನಿಂದಲೇ ದೂರ ಸರಿದವು. ಮನುಷ್ಯರಲ್ಲೂ ಹೀಗೆ ಆಗುತ್ತದೆ. ತಪ್ಪು ಆ ತಿನಿಸಿನದ್ದಲ್ಲ ಅಂತ ನಿಮಗೆ ಚೆನ್ನಾಗಿ ಗೊತ್ತಿದ್ದರೂ ನಾಲಿಗೆ ಕೇಳುವುದಿಲ್ಲ. ವರ್ಷಗಟ್ಟಲೆ ಅದರ ಹೆಸರೆತ್ತಿದರೆ ಹೊಟ್ಟೆ ತೊಳಸಬಹುದು. ಅಕ್ಕರೆಯ ತಿನಿಸನ್ನು ಚೇತರಿಸಿಕೊಂಡ ದಿನಕ್ಕೆ ಉಳಿಸಿಕೊಳ್ಳಿ.

ಗಂಜಿ ಮಾಡೋದಾದರೆ

ಇದೊಂದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಂಜಿ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆಮೇಲೆ ಮುದ್ದೆಯಾದ ಅನ್ನವನ್ನು ತಂದು ಮುಂದಿಡುತ್ತಾರೆ. ಒಂದು ಅಳತೆ ಅಕ್ಕಿಗೆ ಎಂಟರಿಂದ ಹತ್ತು ಅಳತೆ ನೀರು ಬೇಕು. ಸಣ್ಣ ಉರಿಯಲ್ಲಿ ಅಗುಳು ಬಿರಿದು ಅಂಚು ಕರಗುವವರೆಗೆ ಬೇಯಿಸಿ. ಮಧ್ಯೆ ತಳ ಕೆದಕುತ್ತಿರಿ. ಸೌಟಿನಲ್ಲಿ ಎತ್ತಿ ವಾಲಿಸಿದರೆ ಧಾರೆಯಾಗಿ ಇಳಿಯಬೇಕು, ಉಂಡೆಯಾಗಿ ಬೀಳಬಾರದು. ಆರುತ್ತಾ ಹೋದಂತೆ ಗಟ್ಟಿಯಾಗುವುದು ಸಹಜ. ಬಡಿಸುವ ಮುಂಚೆ ಸ್ವಲ್ಪ ಕುದಿನೀರು ಸೇರಿಸಿ ಸಡಿಲ ಮಾಡಿ. ಉಪ್ಪು ಕೊನೆಗೆ. ಹುಷಾರಿಲ್ಲದವರ ನಾಲಿಗೆಗೆ ಉಪ್ಪು ಎಷ್ಟು ಹಿಡಿಸುತ್ತದೆ ಅಂತ ಅವರೇ ಹೇಳಬೇಕು. ಓಟ್ಸ್ ಗಂಜಿಯೂ ಇದೇ ಸಾಲಿನದ್ದು. ಅದು ಐದಾರು ನಿಮಿಷಕ್ಕೆ ಆಗುತ್ತದೆ, ಆದರೆ ನಾರು ಜಾಸ್ತಿ. ಭೇದಿ ಇರುವಾಗ ಅಕ್ಕಿಯದ್ದು, ಸುಸ್ತು ಮಾತ್ರ ಇರುವಾಗ ಓಟ್ಸ್ ಅನ್ನೋದು ನನ್ನ ಲೆಕ್ಕ.

ಉಳಿದ ಗಂಜಿಯನ್ನು ಒಲೆಯ ಮೇಲೆಯೇ ರಾತ್ರಿಯೆಲ್ಲ ಬಿಡಬೇಡಿ. ಬೆಂದ ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಉಳಿದುಕೊಂಡು ಬೆಳೆಯಬಲ್ಲದು. ಅದು ಬಿಡುವ ವಾಂತಿ ತರಿಸುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬೇಗ ತಣ್ಣಗೆ ಮಾಡಿ ಫ್ರಿಜ್ಜಿಗೆ ಸೇರಿಸಿ. ಮೊದಲೇ ಸೊರಗಿರುವ ಹೊಟ್ಟೆಗೆ ಇನ್ನೊಂದು ಪೆಟ್ಟು ಯಾಕೆ, ಅಲ್ವಾ?

ನೆಗಡಿ, ಕಟ್ಟಿದ ಮೂಗು

ಇಲ್ಲಿ ಗಂಜಿ ಹಿಂದೆ ಸರಿಯುತ್ತದೆ, ಸೂಪ್ ಮುಂದೆ ಬರುತ್ತದೆ.

ನಾವು ರುಚಿ ಅನ್ನೋದರಲ್ಲಿ ಬಹುಪಾಲು ವಾಸನೆ. ಮೂಗು ಕಟ್ಟಿದರೆ ಅದು ಹೋಗುತ್ತದೆ. ನಾಲಿಗೆಗೆ ಉಳಿಯುವುದು ಉಪ್ಪು, ಹುಳಿ, ಸಿಹಿ, ಕಹಿ ಮತ್ತು ಉಮಾಮಿ. ಈ ಐದನೆಯದನ್ನು ಜಪಾನಿನ ಕಿಕುನೇ ಇಕೇಡಾ 1908ರಲ್ಲಿ ಗುರುತಿಸಿದರು. ಮಾಂಸದ ರಸ, ಅಣಬೆ, ಟೊಮೆಟೊ ಇವೆಲ್ಲದರಲ್ಲೂ ಇರುವ ಆಳವಾದ ರುಚಿ ಅದು. ಇದಲ್ಲದೆ ಕಾಳುಮೆಣಸಿನ ಚುರುಕು, ಶುಂಠಿಯ ಖಾರ, ಬಿಸಿ, ತಂಪು ಇವನ್ನು ಮುಖದ ಬೇರೆ ನರವೊಂದು ಗ್ರಹಿಸುತ್ತದೆ. ಮೂಗು ಕಟ್ಟಿದ್ದರೂ ಅವು ಗೊತ್ತಾಗುತ್ತವೆ. ಒಳ್ಳೆಯ ಸೂಪಿನಲ್ಲಿ ಉಪ್ಪು, ಉಮಾಮಿ, ಬಿಸಿ, ಚುರುಕು ಎಲ್ಲ ಇವೆ. ಸಪ್ಪೆ ಗಂಜಿಯಲ್ಲಿ ಬಿಸಿ, ಸ್ವಲ್ಪ ಉಪ್ಪು ಬಿಟ್ಟರೆ ಬೇರೇನೂ ಇಲ್ಲ. ಅದಕ್ಕೇ ನೆಗಡಿಯಲ್ಲಿ ಗಂಜಿ ಎರಡು ಚಮಚಕ್ಕೇ ಸಾಕು ಅನ್ನಿಸುತ್ತದೆ, ಸೂಪ್ ಬಟ್ಟಲು ಖಾಲಿ ಆಗುತ್ತದೆ.

ಕೋಳಿ ಸೂಪಿಗೆ ದೊಡ್ಡ ಹೆಸರಿದೆ. 12ನೇ ಶತಮಾನದ ವೈದ್ಯ ಮೈಮೊನಿಡಿಸ್ ಕೂಡ ಅದನ್ನು ಸೂಚಿಸಿದ್ದರು. 1978ರ ಒಂದು ಅಧ್ಯಯನದಲ್ಲಿ ಬಿಸಿ ಕೋಳಿ ಸೂಪ್ ಮತ್ತು ಬಿಸಿ ನೀರು ಎರಡೂ ಮೂಗಿನ ಸಿಂಬಳದ ಹರಿವನ್ನು ಸ್ವಲ್ಪ ಹೊತ್ತು ಚುರುಕು ಮಾಡಿದವು, ತಣ್ಣೀರು ಮಾಡಲಿಲ್ಲ. ಅರ್ಧ ಗಂಟೆಯಲ್ಲಿ ಪರಿಣಾಮ ಇಳಿಯಿತು. 2000ದಲ್ಲಿ ಅಮೆರಿಕದ ನೆಬ್ರಾಸ್ಕಾದಲ್ಲಿ ಸ್ಟೀಫನ್ ರೆನಾರ್ಡ್ ಅವರ ತಂಡ ಕೋಳಿ ಸೂಪನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿತು. ಉರಿಯೂತದ ಜಾಗಕ್ಕೆ ಧಾವಿಸುವ ಬಿಳಿ ರಕ್ತಕಣಗಳ ಓಡಾಟವನ್ನು ಅದು ಸ್ವಲ್ಪ ತಗ್ಗಿಸಿತು. ಇದು ಗಾಜಿನ ತಟ್ಟೆಯಲ್ಲಿ ಕಂಡದ್ದು, ಮನುಷ್ಯರಲ್ಲಿ ಅಲ್ಲ. ಸೂಪ್ ನೆಗಡಿಯನ್ನು ಬೇಗ ವಾಸಿ ಮಾಡುತ್ತದೆ ಅಂತ ಇದರಿಂದ ಹೇಳಲಾಗದು. ಆದರೆ ಬಿಸಿ, ಉಪ್ಪು, ನೀರು ಇಷ್ಟೇ ಸಿಕ್ಕರೂ ನನಗೆ ಅದು ಸಾಕಾದಷ್ಟು ಕಾರಣ.

ಮಾಂಸ ತಿನ್ನದವರು ಏನೂ ಕಳೆದುಕೊಳ್ಳುವುದಿಲ್ಲ. ಬೇಳೆ, ಟೊಮೆಟೊ, ಅಣಬೆ, ಬೆಳ್ಳುಳ್ಳಿ ಹಾಕಿ ಚೆನ್ನಾಗಿ ಕುದಿಸಿ ಸೋಸಿದ ಸೂಪಿನಲ್ಲೂ ಉಮಾಮಿ ಬೇಕಾದಷ್ಟಿದೆ, ಬೇಳೆಯಿಂದ ಪ್ರೋಟೀನೂ ಸಿಗುತ್ತದೆ. ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದ ನೆಗಡಿ ಕೇಂದ್ರದಲ್ಲಿ 2008ರಲ್ಲಿ ಬಿಸಿಯಾದ ಹಣ್ಣಿನ ಪಾನೀಯವನ್ನೂ, ಅದೇ ಪಾನೀಯವನ್ನು ಬಿಸಿ ಮಾಡದೆಯೂ ಕೊಟ್ಟು ಹೋಲಿಸಿದರು. ಮೂಗಿನ ಗಾಳಿಯ ಹರಿವನ್ನು ಅಳೆದಾಗ ವ್ಯತ್ಯಾಸ ಕಾಣಲಿಲ್ಲ. ಆದರೆ ಬಿಸಿ ಕುಡಿದವರಿಗೆ ಸೀನು, ಕೆಮ್ಮು, ಗಂಟಲು ನೋವು, ಚಳಿ, ಸುಸ್ತು ಎಲ್ಲ ಕಮ್ಮಿ ಅನ್ನಿಸಿತು. ಮೈ ನೊಂದಿರುವಾಗ ಹಾಯಾಗಿ ಅನ್ನಿಸೋದು ಸಣ್ಣ ವಿಷಯವಲ್ಲ.

ಹಾಲು ಕುಡಿದರೆ ಕಫ ಜಾಸ್ತಿ ಆಗುತ್ತೆ ಅನ್ನೋ ಮಾತನ್ನು ಬಹಳ ಜನ ನಂಬುತ್ತಾರೆ. 1990ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು 60 ಸ್ವಯಂಸೇವಕರಿಗೆ ನೆಗಡಿಯ ವೈರಸ್ ತಗುಲಿಸಿ, ಸಿಂಬಳವನ್ನು ತೂಕ ಹಾಕಿ ನೋಡಿದ್ದರು. ಹಾಲಿಗೂ ಅದಕ್ಕೂ ಸಂಬಂಧ ಕಾಣಲಿಲ್ಲ. ಹಾಲು ಗಂಟಲಿನಲ್ಲಿ ದಪ್ಪ ಪೊರೆಯಂತೆ ಅನ್ನಿಸುತ್ತದೆ, ಅಷ್ಟೇ. ಅದು ಹಿಡಿಸದಿದ್ದರೆ ಬಿಡಿ, ಹಿಡಿಸಿದರೆ ಕುಡಿಯಿರಿ. ಆದರೆ ಡಾಕ್ಟರ್ ಆಂಟಿಬಯೋಟಿಕ್ ಬರೆದಿದ್ದರೆ ಒಂದು ಮಾತು ಕೇಳಿಕೊಳ್ಳಿ. ಟೆಟ್ರಾಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್‌ನಂಥ ಔಷಧಿಗಳನ್ನು ಹಾಲಿನ ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಮೈಗೆ ಸೇರದಂತೆ ಮಾಡುತ್ತದೆ.

ಗಂಟಲು ನೋವು: ಬಿಸಿಯೋ, ತಂಪೋ?

ಎರಡೂ ಸರಿ. ತಂಪು ನೋವನ್ನು ಮರಗಟ್ಟಿಸುತ್ತದೆ, ಬೆಚ್ಚಗಿನದು ಹಿತವಾಗಿ ಸವರುತ್ತದೆ. ನುಂಗೋದೇ ಕಷ್ಟ ಆಗಿದ್ದರೆ ಐಸ್‌ಕ್ರೀಮ್, ತಣ್ಣನೆ ಮೊಸರು, ಮೆತ್ತಗಿನ ಹಣ್ಣು. ಕೆರೆತ, ಒಣ ಕೆಮ್ಮು ಇದ್ದರೆ ಉಗುರುಬೆಚ್ಚಗಿನ ನೀರಿಗೆ ಜೇನು. ಕೆಮ್ಮಿಗೆ ಜೇನು ಪ್ರಯೋಜನಕಾರಿ ಅಂತ ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿಯೂ 2018ರಿಂದ ಹೇಳುತ್ತಿದೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ಕೊಡಲೇಬಾರದು, ನಾಲಿಗೆಗೆ ಸವರೋದೂ ಬೇಡ. ಶಿಶುಗಳಲ್ಲಿ ಬೊಟುಲಿಸಂ ಅನ್ನುವ ಗಂಭೀರ ಕಾಯಿಲೆ ಬರುವ ಅಪಾಯವಿದೆ.

ಕುದಿಯುವ ಬಿಸಿ ಬೇಡ. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಪಾನೀಯಗಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆ ಇರುವವುಗಳ ಗುಂಪಿಗೆ ಸೇರಿಸಿದೆ.

ಜ್ವರ

ಜ್ವರದಲ್ಲಿ ಉಪವಾಸ ಇರಬೇಕು ಅನ್ನೋದನ್ನು ನಾನು ಒಪ್ಪುವುದಿಲ್ಲ. ಮೈ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹ ಸುಡುವ ಶಕ್ತಿ ಸುಮಾರು ಹತ್ತು ಪರ್ಸೆಂಟಿನಷ್ಟು ಏರುತ್ತದೆ. ಬೆವರಲ್ಲಿ ನೀರೂ ಹೋಗುತ್ತದೆ. ಹಾಗಂತ ಹಸಿವಿಲ್ಲದವರಿಗೆ ತುರುಕಬೇಡಿ. ಒಂದೆರಡು ದಿನ ಕಮ್ಮಿ ತಿಂದರೆ ದೊಡ್ಡವರಿಗೆ ಏನೂ ಆಗುವುದಿಲ್ಲ, ಕಮ್ಮಿ ಕುಡಿದರೆ ಆಗುತ್ತದೆ. ತಟ್ಟೆ ತುಂಬ ಬಡಿಸೋ ಬದಲು ಸಣ್ಣ ಬಟ್ಟಲಲ್ಲಿ ಎರಡು ಗಂಟೆಗೊಮ್ಮೆ ಸ್ವಲ್ಪ ಕೊಡಿ. ತುಂಬಿದ ತಟ್ಟೆ ನೋಡಿದರೇ ಜ್ವರ ಬಂದವರಿಗೆ ಸಾಕಾಗಿಬಿಡುತ್ತದೆ.

ಜ್ವರ ಬಿಟ್ಟ ಮೇಲಿನ ಮೂರ್ನಾಲ್ಕು ದಿನಗಳಿಗೆ ಜಾಸ್ತಿ ಗಮನ ಬೇಕು. ಆಗಲೂ ಬರೀ ಗಂಜಿ, ಬ್ರೆಡ್ಡಿನಲ್ಲೇ ಇದ್ದರೆ ಸುಸ್ತು ಎಳೆಯುತ್ತಲೇ ಇರುತ್ತದೆ. ಈ ಹಂತದಲ್ಲಿ ನನ್ನ ಆಯ್ಕೆ ಮೊಟ್ಟೆ. ಒಂದರಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಮೆತ್ತಗೆ ಬೇಯಿಸಿದರೆ ಅಗಿಯೋ ಕಷ್ಟವೂ ಇಲ್ಲ. ಮೊಟ್ಟೆ ಬೇಡ ಅನ್ನುವವರಿಗೆ ಬೇಳೆ, ಮೊಸರು.

ಮನಸ್ಸು ಕುಗ್ಗಿದಾಗ

ಇಲ್ಲಿಯವರೆಗಿನದ್ದು ಸುಲಭದ ಭಾಗ. ಮೈಗೆ ಏನೂ ಆಗಿಲ್ಲ, ಆದರೂ ಏನೂ ಬೇಡ ಅನ್ನಿಸುತ್ತಿದೆ. ಅಥವಾ ಎಷ್ಟು ತಿಂದರೂ ಸಾಲದು ಅನ್ನಿಸುತ್ತಿದೆ. ಆಗ ಏನು ಮಾಡೋದು?

ಮೊದಲು ಒಂದು ನಂಬಿಕೆಯನ್ನು ಪಕ್ಕಕ್ಕಿಡೋಣ. ಇಂಥ ತಿಂಡಿಯಲ್ಲಿ ಮನಸ್ಸಿಗೆ ಖುಷಿ ಕೊಡುವ ರಾಸಾಯನಿಕ ಇದೆ ಅಂತ ಆಗಾಗ ಓದುತ್ತೇವೆ. ಬಾಳೆಹಣ್ಣಿನಲ್ಲಿ ಸೆರೊಟೋನಿನ್ ಇರೋದು ನಿಜ. ಆದರೆ ತಿಂದ ಸೆರೊಟೋನಿನ್ ರಕ್ತದಿಂದ ಮಿದುಳಿನೊಳಕ್ಕೆ ದಾಟುವುದಿಲ್ಲ. ಮಿದುಳು ಸೆರೊಟೋನಿನ್ ಮಾಡಿಕೊಳ್ಳೋದು ಟ್ರಿಪ್ಟೊಫಾನ್ ಅನ್ನುವ ಅಮೈನೋ ಆಮ್ಲದಿಂದ. ಬಿಸಿ ಹಾಲಿನ ಟ್ರಿಪ್ಟೊಫಾನ್ ಮಿದುಳಿಗೆ ಹೋಗಬೇಕಾದರೆ ಅದೇ ಹಾಲಿನ ಉಳಿದ ಅಮೈನೋ ಆಮ್ಲಗಳ ಜೊತೆ ಪೈಪೋಟಿ ಮಾಡಬೇಕು. ರಾತ್ರಿ ಹಾಲು ಕುಡಿದರೆ ನಿದ್ದೆ ಹತ್ತುವವರಿಗೆ ಹತ್ತಲಿ, ಒಳ್ಳೆಯದೇ. ಅದಕ್ಕೆ ಬಿಸಿಯೂ ಅಭ್ಯಾಸವೂ ಕಾರಣ ಇರಬಹುದು.

2014ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಟ್ರೇಸಿ ಮ್ಯಾನ್ ಮತ್ತು ತಂಡದ ಅಧ್ಯಯನವೊಂದು ಪ್ರಕಟವಾಯಿತು. ಜನರಿಗೆ ಬೇಸರ ತರುವ ದೃಶ್ಯಗಳನ್ನು ತೋರಿಸಿದರು. ಆಮೇಲೆ ಅವರವರು ಬೇಸರಕ್ಕೆ ಆಸರೆ ಅಂತ ಹೇಳಿದ್ದ ತಿನಿಸನ್ನೇ ಕೊಟ್ಟು ನೋಡಿದರು. ಇನ್ನೊಮ್ಮೆ ಬೇರೆ ತಿನಿಸು ಕೊಟ್ಟರು, ಮತ್ತೊಮ್ಮೆ ಏನೂ ಕೊಡಲಿಲ್ಲ. ಎಲ್ಲ ಸಲವೂ ಮನಸ್ಸು ಹೆಚ್ಚುಕಮ್ಮಿ ಒಂದೇ ಥರ ಚೇತರಿಸಿತು. ಸ್ವಲ್ಪ ಹೊತ್ತು ಕಳೆದದ್ದೇ ಸಾಕಾಗಿತ್ತು.

ಹಾಗಾದರೆ ಆ ಬಟ್ಟಲಿಗೆ ಏನೂ ಬೆಲೆ ಇಲ್ಲವಾ? ಇದೆ. 2011ರಲ್ಲಿ ಜೋರ್ಡನ್ ಟ್ರಾಯ್ಸಿ ಮತ್ತು ಶಿರಾ ಗೇಬ್ರಿಯಲ್ ಅನ್ನುವ ಮನೋವಿಜ್ಞಾನಿಗಳು ಇನ್ನೊಂದು ದಿಕ್ಕಿನಿಂದ ನೋಡಿದ್ದರು. ಇಂಥ ತಿನಿಸುಗಳು ನಮ್ಮ ಹತ್ತಿರದವರ ನೆನಪಿನೊಂದಿಗೆ ಹೆಣೆದುಕೊಂಡಿರುತ್ತವೆ. ಅಂಥ ಸಂಬಂಧಗಳು ಗಟ್ಟಿಯಾಗಿರುವವರಿಗೆ ಆ ತಿನಿಸಿನ ನೆನಪು ಒಂಟಿತನವನ್ನು ಕಮ್ಮಿ ಮಾಡುತ್ತದೆ ಅಂತ ಅವರಿಗೆ ಕಂಡಿತು. ಎರಡು ಅಧ್ಯಯನಗಳನ್ನೂ ಒಟ್ಟಿಗಿಟ್ಟು ನೋಡಿದರೆ ಆಯ್ಕೆಗೆ ಒಂದು ದಾರಿ ಸಿಗುತ್ತದೆ. ಬರೀ ಬೇಸರಕ್ಕೆ ತಿಂಡಿ ಔಷಧಿಯಲ್ಲ, ಹೊತ್ತು ಕಳೆಯಲಿ. ಆದರೆ ಬೇಸರದ ಬುಡದಲ್ಲಿ ಒಂಟಿತನ ಇದ್ದರೆ, ನಿಮ್ಮನ್ನು ಅಕ್ಕರೆಯಿಂದ ನೋಡಿಕೊಂಡವರು ಮಾಡಿಕೊಡುತ್ತಿದ್ದ ತಿನಿಸನ್ನೇ ಆರಿಸಿ. ಅದು ಪೌಷ್ಟಿಕವೋ ಅಲ್ಲವೋ ಅನ್ನೋ ಲೆಕ್ಕ ಆ ದಿನಕ್ಕೆ ಬೇಡ. ಆದರೆ ಅವರಿಗೆ ಒಂದು ಫೋನನ್ನೂ ಮಾಡಿ.

ಬೇಸರದಲ್ಲಿ ಸಿಗುವ ಮುಖ್ಯ ಆಯ್ಕೆ ಎರಡು: ಪೊಟ್ಟಣ ಒಡೆದು ತಿನ್ನೋ ಕುರುಕಲು, ಇಲ್ಲವೇ ಬಟ್ಟಲಲ್ಲಿ ಬಿಸಿಯಾಗಿ ತಿನ್ನೋದು. ಕುರುಕಲಿನ ದೊಡ್ಡ ಗುಣ ಅಂದರೆ ಶ್ರಮವೇ ಇಲ್ಲ. ಅದರ ದೋಷ, ನಿಲ್ಲಿಸೋ ಜಾಗ ಗೊತ್ತಾಗುವುದಿಲ್ಲ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ ಮತ್ತು ಜೊತೆಗಾರರು ಒಂದೇ ಪ್ರಮಾಣದ ಕ್ಯಾಲೊರಿ ಇರುವ 38 ಆಹಾರಗಳನ್ನು ಹೊಟ್ಟೆ ತುಂಬಿದ ಭಾವಕ್ಕಾಗಿ ಹೋಲಿಸಿದರು. ಬಿಳಿ ಬ್ರೆಡ್ಡಿಗೆ 100 ಅಂಕ ಅಂತ ಇಟ್ಟುಕೊಂಡರೆ ಬೇಯಿಸಿದ ಆಲೂಗಡ್ಡೆಗೆ 323 ಬಂತು. ಬೆಣ್ಣೆ ಹಾಕಿ ಪದರ ಪದರವಾಗಿ ಮಾಡುವ ಕ್ರೊಸಾಂಟ್‌ಗೆ ಬರೀ 47. ಹಾಗಾಗಿ ಬೇಸರದಲ್ಲಿ ತಿನ್ನುತ್ತಾ ಹೋಗುವ ಅಭ್ಯಾಸ ನಿಮಗಿದ್ದರೆ, ನಾನು ಬೇಯಿಸಿ ಮಸೆದ ಆಲೂಗಡ್ಡೆಯನ್ನು ಮುಂದಿಡುತ್ತೇನೆ. ಸ್ವಲ್ಪ ಬೆಣ್ಣೆ, ಉಪ್ಪು, ಕಾಳುಮೆಣಸು ಸಾಕು. ಬೆಚ್ಚಗೆ, ಮೆತ್ತಗೆ ಇರುತ್ತದೆ, ಹೊಟ್ಟೆಯೂ ತುಂಬುತ್ತದೆ. ಒಂದು ಬಟ್ಟಲು ಮುಗಿದಾಗ ನಿಜವಾಗಿಯೂ ಮುಗಿದ ಹಾಗೆ ಅನ್ನಿಸುತ್ತದೆ.

ತಿನ್ನೋಕೇ ಮನಸ್ಸಿಲ್ಲದವರ ಕಥೆ ಬೇರೆ. ಅವರಿಗೆ ಒಲೆ ಹಚ್ಚೋದೂ ಬೆಟ್ಟ ಹತ್ತಿದ ಹಾಗೆ. ಅಂಥವರಿಗೆ ಸೂಪ್ ಮಾಡಿಕೊಳ್ಳಿ, ತರಕಾರಿ ಹೆಚ್ಚಿಕೊಳ್ಳಿ ಅನ್ನೋದು ಕ್ರೂರ. ಬಾಳೆಹಣ್ಣು ಮತ್ತು ಒಂದು ಹಿಡಿ ಕಡಲೆಬೀಜ, ಬ್ರೆಡ್ಡಿಗೆ ಸವರಿದ ಪೀನಟ್ ಬಟರ್, ಲೋಟದಲ್ಲಿ ಮೊಸರು, ಬಿಸಿ ಹಾಲಿಗೆ ಓಟ್ಸ್. ಪಾತ್ರೆ ತೊಳೆಯೋದು ಒಂದೇ ಒಂದು ಇರಲಿ. ಇಂಥ ದಿನ ಯಾವುದು ಒಳ್ಳೆಯದು ಅಂದರೆ ಯಾವುದು ಬಾಯಿಗೆ ಹೋಯಿತೋ ಅದು.

ಚಾಕೊಲೇಟಿನ ಬಗ್ಗೆ ಕೇಳುತ್ತೀರಿ, ಗೊತ್ತು. ತಿನ್ನಿ. ಬಾಯಲ್ಲಿ ಕರಗುವ ಆ ಕ್ಷಣಕ್ಕೆ ಅದರದ್ದೇ ಬೆಲೆಯಿದೆ. ಎರಡು ತುಂಡು ತಟ್ಟೆಗೆ ತೆಗೆದಿಟ್ಟುಕೊಂಡು, ಕೂತು, ನಿಧಾನವಾಗಿ ತಿನ್ನಿ. ಎದೆಯುರಿ ಇರುವವರು ಮಾತ್ರ ಚಾಕೊಲೇಟು, ಪುದೀನಾ ಎರಡರಲ್ಲೂ ಹುಷಾರಾಗಿರಬೇಕು. ಹೊಟ್ಟೆಯ ಬಾಯಿಯ ಬಿಗಿಯನ್ನು ಅವು ಸಡಿಲ ಮಾಡಬಹುದು. ಕಾಫಿಯ ಕೆಫೀನ್ ಅರ್ಧದಷ್ಟು ಇಳಿಯೋಕೆ ಸುಮಾರು ಐದು ಗಂಟೆ ಬೇಕು. ಬೇಸರದ ಜೊತೆ ನಿದ್ದೆಯೂ ಕೆಟ್ಟಿದ್ದರೆ ಮಧ್ಯಾಹ್ನದ ಮೇಲೆ ಕಾಫಿ ಬಿಟ್ಟು ಬೇರೆ ಬಿಸಿ ಪಾನೀಯ ಆರಿಸಿ. ಮದ್ಯವನ್ನು ಈ ಹೋಲಿಕೆಗೆ ನಾನು ಸೇರಿಸುವುದೇ ಇಲ್ಲ. ಅದು ನಿದ್ದೆಯನ್ನೂ ಮನಸ್ಸನ್ನೂ ಇನ್ನಷ್ಟು ಕೆಡಿಸುತ್ತದೆ.

ಒಂದು ದಿನದ ಬಟ್ಟಲಿಗಿಂತ ವಾರಗಟ್ಟಲೆಯ ಊಟಕ್ಕೆ ಜಾಸ್ತಿ ಶಕ್ತಿ ಇದೆ ಅನ್ನೋ ಸೂಚನೆಗಳೂ ಇವೆ. ಆಸ್ಟ್ರೇಲಿಯಾದಲ್ಲಿ ಫೆಲಿಸ್ ಜಾಕಾ ಅವರ ತಂಡ ಖಿನ್ನತೆ ಇದ್ದ 67 ಜನರ ಮೇಲೆ 12 ವಾರಗಳ ಪ್ರಯೋಗ ನಡೆಸಿ 2017ರಲ್ಲಿ ಪ್ರಕಟಿಸಿತು. ತರಕಾರಿ, ಕಾಳು, ಇಡಿಧಾನ್ಯ, ಮೀನು, ಆಲಿವ್ ಎಣ್ಣೆಯ ಕಡೆಗೆ ಊಟ ಬದಲಿಸಿಕೊಂಡವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಜನ ಖಿನ್ನತೆಯಿಂದ ಹೊರಬಂದರು. ಊಟದ ಬದಲು ಬರೀ ಒಡನಾಟದ ಬೆಂಬಲ ಸಿಕ್ಕವರಲ್ಲಿ ಸುಮಾರು 8 ಪರ್ಸೆಂಟ್. ಚಿಕ್ಕ ಪ್ರಯೋಗ ಇದು. ಅದರಲ್ಲಿದ್ದ ಹೆಚ್ಚಿನವರು ಚಿಕಿತ್ಸೆಯನ್ನೂ ಮುಂದುವರಿಸಿದ್ದರು. ಔಷಧಿ ಬಿಟ್ಟು ಊಟ ಹಿಡಿಯಿರಿ ಅಂತ ದಯವಿಟ್ಟು ಓದಿಕೊಳ್ಳಬೇಡಿ.

ಬೇರೆಯವರಿಗೆ ಮಾಡಿಕೊಡುವಾಗ

"ಏನು ಬೇಕು?" ಅಂತ ಕೇಳಿದರೆ "ಏನೂ ಬೇಡ" ಅನ್ನೋ ಉತ್ತರವೇ ಬರುತ್ತದೆ. ಹುಷಾರಿಲ್ಲದವರಿಗೆ ಯೋಚಿಸೋದೂ ಒಂದು ಕೆಲಸ. "ಸೂಪ್ ಮಾಡ್ಲಾ, ಟೋಸ್ಟ್ ಮಾಡ್ಲಾ?" ಅಂತ ಎರಡೇ ಆಯ್ಕೆ ಕೊಡಿ. ನಿಮಗೆ ಒಳ್ಳೆಯದು ಅನ್ನಿಸಿದ್ದಕ್ಕಿಂತ ಅವರಿಗೆ ಹಿಡಿಸಿದ್ದು ಮುಖ್ಯ. ಬಟ್ಟಲು ಅರ್ಧ ಉಳಿದರೆ ಮುಖ ಸಣ್ಣಗೆ ಮಾಡಿಕೊಳ್ಳಬೇಡಿ. ಮನಸ್ಸು ಕುಗ್ಗಿದವರ ಬಳಿಯಾದರೆ ಕೊಟ್ಟು ಹೋಗೋದಕ್ಕಿಂತ ನಿಮ್ಮದೊಂದು ಬಟ್ಟಲನ್ನೂ ತಂದು ಜೊತೆಗೆ ಕೂತು ತಿನ್ನಿ. ಮಾತಾಡಲೇಬೇಕು ಅಂತೇನಿಲ್ಲ.

ಊಟದ ಆಯ್ಕೆ ಬಿಟ್ಟು ಡಾಕ್ಟರ ಬಳಿ ಹೋಗಬೇಕಾದಾಗ

ಎಂಟು ಗಂಟೆಯಿಂದ ಮೂತ್ರವೇ ಬಂದಿಲ್ಲ, ಅಥವಾ ಬಂದದ್ದು ತೀರಾ ಗಾಢ ಬಣ್ಣ. ಎದ್ದು ನಿಂತರೆ ತಲೆ ಸುತ್ತುತ್ತದೆ. ಚಮಚ ಚಮಚ ಕುಡಿದದ್ದೂ ನಿಲ್ಲುತ್ತಿಲ್ಲ. ಮಲದಲ್ಲಿ, ವಾಂತಿಯಲ್ಲಿ ರಕ್ತ ಕಾಣುತ್ತದೆ. ಜ್ವರ ಮೂರು ದಿನವಾದರೂ ಇಳಿದಿಲ್ಲ. ಉಸಿರಾಟ ಕಷ್ಟವಾಗಿದೆ. ಇವುಗಳಲ್ಲಿ ಒಂದಿದ್ದರೂ ಅಡುಗೆ ಮನೆಯ ಉತ್ತರ ಸಾಲದು. ಚಿಕ್ಕ ಮಕ್ಕಳು, ವಯಸ್ಸಾದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ ಇರುವವರ ವಿಷಯದಲ್ಲಿ ಇಷ್ಟು ಕಾಯೋದೂ ಬೇಡ. ಕುಗ್ಗಿದ ಮನಸ್ಸು ಎರಡು ವಾರವಾದರೂ ಏಳದಿದ್ದರೆ, ಇಷ್ಟದ ಯಾವುದರಲ್ಲೂ ರುಚಿ ಇಲ್ಲದಿದ್ದರೆ ಆಗಲೂ ಡಾಕ್ಟರನ್ನು ಕಾಣಬೇಕು. ಬದುಕೋದೇ ಬೇಡ ಅನ್ನೋ ಯೋಚನೆ ಬಂದರೆ ಎರಡು ವಾರದ ಲೆಕ್ಕವೂ ಬೇಡ. ಆ ಕ್ಷಣವೇ ಯಾರಿಗಾದರೂ ಹೇಳಿ, ಒಬ್ಬರೇ ಇರಬೇಡಿ.

ಒಂಟಿಯಾಗಿ ಇರುವವರು ಹುಷಾರಾಗಿರುವ ದಿನವೇ ಸ್ವಲ್ಪ ಸಿದ್ಧತೆ ಮಾಡಿಟ್ಟುಕೊಳ್ಳಿ. ನಾಲ್ಕು ಓಆರ್‌ಎಸ್ ಪ್ಯಾಕೆಟ್, ಓಟ್ಸ್, ಖಾರವಿಲ್ಲದ ಬಿಸ್ಕತ್ತು, ಜೇನು, ಫ್ರೀಜರಿನಲ್ಲಿ ಒಬ್ಬರಿಗಾಗುವಷ್ಟು ಸಣ್ಣ ಸಣ್ಣ ಡಬ್ಬಿಗಳಲ್ಲಿ ಸೂಪ್. ಡಬ್ಬಿಯ ಮೇಲೆ ತಾರೀಖು ಬರೆದು ಅಂಟಿಸಿ, ಎರಡು ಮೂರು ತಿಂಗಳಿಗೊಮ್ಮೆ ಹಳೆಯದನ್ನು ತಿಂದು ಮುಗಿಸಿ ಹೊಸದನ್ನು ಇಡಿ.